ಬಿಸಿಲನ್ನು ಕಾಯ್ದಿಡುವ ವೆಚ್ಚ

ಕುಷ್ಟಗಿಯ ಬಯಲಿನಲ್ಲಿರುವ ನಮ್ಮ ಹೊಲದ ಮನೆಗೆ ಸೌರಫಲಕಗಳನ್ನು ಹಾಕಿಸಿದಂದಿನಿಂದ, ನನ್ನ ಲೆಕ್ಕದ ಪುಸ್ತಕದಲ್ಲಿ ಬ್ಯಾಟರಿಗೆಂದೇ ಒಂದು ಪುಟವನ್ನು ಮೀಸಲಾಗಿಟ್ಟಿದ್ದೇನೆ. ಫಲಕಗಳನ್ನು ಒಮ್ಮೆ ಕೊಂಡವನು ಇಪ್ಪತ್ತು ಇಪ್ಪತ್ತೈದು ವರ್ಷ ಅವುಗಳ ಬೆಲೆಯ ಚಿಂತೆಯನ್ನು ಬಿಡಬಹುದು. ಹಗಲಿನಲ್ಲಿ ದೊರೆತ ಶಕ್ತಿಯನ್ನು ಇರುಳಿಗೆಂದು ಕಾಯ್ದಿಡತಕ್ಕ ಬ್ಯಾಟರಿಯಾದರೋ ಮನೆಗೆ ಬಂದ ದಿನದಿಂದಲೇ ಕ್ಷಯಿಸತೊಡಗುವ ವಸ್ತು. ಆದಕಾರಣ ಅದನ್ನು ಆಸ್ತಿಯೆಂದು ಬರೆದುಕೊಳ್ಳದೆ ವರ್ಷವರ್ಷದ ಖರ್ಚೆಂದು ಬರೆದುಕೊಂಡವನಿಗೆ ಮಾತ್ರ ಸೌರವಿದ್ಯುತ್ತಿನ ನಿಜವಾದ ಬೆಲೆ ತಿಳಿದೀತೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಪ್ಪಳ ಪಟ್ಟಣದ ಮನೆಗೆ ಬ್ಯಾಟರಿ ಬೇಕೆ ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತೇನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟುಗಳ ಮಿತಿಯೊಳಗೆ ಬಾಳುವ ಸಂಸಾರಕ್ಕೆ ಅದರಿಂದ ಹಣದ ಲಾಭವಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ವ್ಯವಸ್ಥೆಗೆ ದೊರೆಯುವ 78,000 ರೂಪಾಯಿಗಳ ಸಹಾಯಧನವು ವಿದ್ಯುತ್ ಕಂಪನಿಯಾದ ಜೆಸ್ಕಾಂನ ತಂತಿಗೆ ಜೋಡಿಸಿದ ಫಲಕಗಳಿಗಾಗಿ ಇರುವುದೇ ಹೊರತು ಬ್ಯಾಟರಿಗಾಗಿ ಅಲ್ಲ. ಇಲ್ಲಿ ಅನೇಕರಿಗಿರುವ ಒಂದು ಭ್ರಮೆಯನ್ನು ನಿವಾರಿಸುವುದು ಆವಶ್ಯಕ: ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆಯು, ತಂತಿಯ ಮೇಲೆ ಕೆಲಸಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಯ ಸಲುವಾಗಿ, ಕರೆಂಟು ಹೋದ ಕ್ಷಣವೇ ತಾನೂ ನಿಂತುಬಿಡುತ್ತದೆ, ನೆತ್ತಿಯ ಮೇಲೆ ಸೂರ್ಯನಿದ್ದರೂ ಕೆಳಗೆ ಫ್ಯಾನು ತಿರುಗದು. ಹೊಲದಲ್ಲಿ ಮನೆಮಾಡಿಕೊಂಡವರ ಸ್ಥಿತಿ ಬೇರೆ. ನಿರಂತರ ಜ್ಯೋತಿ ಯೋಜನೆಯ ತಂತಿ ಊರನ್ನು ಮುಟ್ಟಿತಾದರೂ, ಊರ ಹೊರಗಿನ ಎಷ್ಟೋ ಒಂಟಿ ಮನೆಗಳು ಪಂಪ್‌ಸೆಟ್ಟಿನ ಲೈನನ್ನೇ ನಂಬಿಕೊಂಡು, ಆ ಲೈನಿಗೆ ಸರದಿ ಬಂದಾಗ ಮಾತ್ರ ಬೆಳಕನ್ನು ಕಾಣುತ್ತವೆ. ನಮ್ಮದೂ ಅಂಥ ಮನೆ. ಅಂಥಲ್ಲಿ ಬ್ಯಾಟರಿಯು ವಿಲಾಸವಲ್ಲ.

ಲೆಕ್ಕಕ್ಕೆ ಬರೋಣ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯೊಂದರಲ್ಲಿ ಹಿಡಿಯುವುದು 1.8 ಯೂನಿಟ್ಟು. ನಮ್ಮಲ್ಲಿರುವ ಜೋಡಿಯಲ್ಲಿ 3.6 ಯೂನಿಟ್ಟು ಹಿಡಿದರೂ, ಬ್ಯಾಟರಿಯ ಆಯುಷ್ಯವನ್ನು ಬಯಸುವವನು ಪ್ರತಿನಿತ್ಯ ಅದರ ಅರ್ಧಕ್ಕಿಂತ ಹೆಚ್ಚು ತೆಗೆಯಲಾಗದು. ಅಂದರೆ ಇರುಳಿಗೆ 1.8, ವರ್ಷಕ್ಕೆ ಸುಮಾರು 657 ಯೂನಿಟ್ಟು. ಈ ಜೋಡಿಗೆ ನಾನು ಕೊಟ್ಟದ್ದು 32,000 ರೂಪಾಯಿ. ಐದು ವರ್ಷ ಬಾಳಿದಲ್ಲಿ ಯೂನಿಟ್ಟೊಂದನ್ನು ಕಾಯ್ದಿಡುವುದಕ್ಕೇ ಹತ್ತಿರಹತ್ತಿರ 10 ರೂಪಾಯಿ ಬೀಳುತ್ತದೆ. ಅಲಕ್ಷ್ಯದಿಂದ ಮೂರೇ ವರ್ಷಕ್ಕೆ ಕೆಟ್ಟಲ್ಲಿ 16 ರೂಪಾಯಿಗೂ ಮಿಕ್ಕುತ್ತದೆ. ಬಿಸಿಲಿಗೆ ಯಾರೂ ಹಣ ಕೇಳುವುದಿಲ್ಲ, ನಿಜ. ಆದರೆ ಅದನ್ನು ಕಾಯ್ದಿಡುವ ಕೂಲಿ ಇಷ್ಟು, ಮತ್ತು ಆ ಕೂಲಿಯಲ್ಲಿನ ಆರು ರೂಪಾಯಿಗಳ ಅಂತರವು ಕೇವಲ ನಮ್ಮ ಆರೈಕೆಯನ್ನು ಅವಲಂಬಿಸಿದೆ.

ಆರೈಕೆಯಲ್ಲಿ ಮೊದಲನೆಯದು ಸ್ಥಳ. ಸೀಸ ಮತ್ತು ಗಂಧಕಾಮ್ಲಗಳ ಈ ವಿದ್ಯುತ್ಕೋಶವನ್ನು 1859ರಲ್ಲಿ ನಿರ್ಮಿಸಿದ ಗಾಸ್ತೋಂ ಪ್ಲಾಂಟೆ ಫ್ರಾನ್ಸಿನ ತಂಪು ಹವೆಯವನು. ನಮ್ಮಲ್ಲಿಯೋ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. 25ರಿಂದ 27 ಡಿಗ್ರಿಯಲ್ಲಿ ದೊರೆಯಬೇಕಾದ ಆಯುಷ್ಯವು, ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಾದ ಉಷ್ಣದಲ್ಲಿ ಸದಾ ಇದ್ದರೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ತಗಡಿನ ಶೆಡ್ಡಿನ ಮೂಲೆಯಲ್ಲಿ ಬ್ಯಾಟರಿಯನ್ನು ಇಟ್ಟಿರುವುದನ್ನು ಕಂಡಾಗಲೆಲ್ಲ ಮನಸ್ಸಿಗೆ ವ್ಯಥೆಯಾಗುತ್ತದೆ. ಅದೇ ಅಂಗಳದಲ್ಲಿ ಹಿರಿಯರು ಕಟ್ಟಿದ ಮಣ್ಣಿನ ಮಾಳಿಗೆಯ ಮನೆ ತಣ್ಣಗೆ ನಿಂತಿರುತ್ತದೆಯಷ್ಟೆ! ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಗಾಳಿಯಾಡುವ ಕಿಟಕಿಯಿರಬೇಕು. ದೀಪ ಹಚ್ಚುವ ದೇವರ ಮನೆಯಾಗಲಿ, ಒಲೆಯ ಪಕ್ಕವಾಗಲಿ ಸರ್ವಥಾ ಕೂಡದು.

ಎರಡನೆಯದು ನೀರು. ಕುಷ್ಟಗಿ ಯಲಬುರ್ಗಾಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ನಮ್ಮ ಜನರ ಹಲ್ಲುಗಳೇ ಸಾರುವ ಸಂಗತಿ. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳ ನೀರು ಕುಡಿಯಲು ಯೋಗ್ಯವಾದರೂ, ಅದರಲ್ಲಿ ಉಳಿದ ಲವಣಾಂಶವು ಬ್ಯಾಟರಿಗೆ ಹಾನಿಕರವೇ. ಬಟ್ಟಿಯಿಳಿಸಿದ ಬ್ಯಾಟರಿ ನೀರಿನ ಐದು ಲೀಟರಿನ ಕ್ಯಾನಿಗೆ ಆಗುವ ಅಲ್ಪ ವೆಚ್ಚವನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಂಡವರನ್ನು ನಾನು ಬಲ್ಲೆ. ನಮ್ಮ ಮನೆಗೆ ಬರುವ ಮಿಸ್ತ್ರಿ, ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯನಾದರೂ, ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದ: “ಸರ, ನೀರು ಕಡಿಮಿ ಆದ್ರ ನೀರೇ ಹಾಕ್ರಿ, ಯಾರ್ ಹೇಳಿದ್ರೂ ಆಸಿಡ್ ಮಾತ್ರ ಹಾಕಬ್ಯಾಡ್ರಿ.” ಆವಿಯಾಗುವುದೂ ಅನಿಲವಾಗುವುದೂ ನೀರು, ಆಮ್ಲವಲ್ಲ, ಆದುದರಿಂದ ಆಮ್ಲವನ್ನು ಸೇರಿಸಿದಷ್ಟೂ ಪ್ಲೇಟುಗಳು ಸವೆಯುತ್ತವೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೇಲುಗುರುತುಗಳನ್ನು ನೋಡಿ, ಹೈಡ್ರೋಮೀಟರಿನಿಂದ ಎರಡೂ ಬ್ಯಾಟರಿಗಳ ಹನ್ನೆರಡೂ ಕೋಶಗಳ ಸಾಂದ್ರತೆಯನ್ನು ಬರೆದಿಟ್ಟುಕೊಳ್ಳುತ್ತೇನೆ. ಪೂರ್ತಿ ಚಾರ್ಜಾದಾಗ 1.24ರ ಆಸುಪಾಸು ಇರತಕ್ಕದ್ದು. ಒಂದು ಕೋಶ ಮಾತ್ರ ಹಿಂದೆ ಬಿದ್ದಿತೆಂದರೆ ರೋಗದ ಆರಂಭವಾಯಿತೆಂದು ತಿಳಿಯಬಹುದು.

ಮೂರನೆಯದು ಪೂರ್ತಿ ಚಾರ್ಜು. ಅರೆ ಚಾರ್ಜಿನಲ್ಲಿ ದಿನಗಟ್ಟಲೆ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂಡುತ್ತದೆ. 133 ಟಿಎಂಸಿ ನೀರಿಗೆಂದು ಕಟ್ಟಿದ ತುಂಗಭದ್ರಾ ಜಲಾಶಯವು ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದುದನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪಾತ್ರೆ ಹೊರಗಿನಿಂದ ಅಷ್ಟೇ ಕಂಡರೂ ಒಳಗಿನ ಎಡೆ ಕಿರಿದಾಗಿರುತ್ತದೆ. ಮಳೆ ಸುರಿಸದೆ ಹಾದುಹೋಗುವ ಆಷಾಢದ ಮೋಡಗಳು, ಗಿಣಗೇರಿಯ ಸುತ್ತಲಿನ ಕಾರ್ಖಾನೆಗಳ ಕರಿಧೂಳು, ಗಂಗಾವತಿಯ ಅಕ್ಕಿಗಿರಣಿಗಳ ಹೊಟ್ಟಿನ ಬೂದಿ, ಎರೆಹೊಲದ ಮಣ್ಣು, ಇವೆಲ್ಲ ಫಲಕವನ್ನು ಮುಸುಕಿ ಕೊನೆಗೆ ಬ್ಯಾಟರಿಯನ್ನೇ ಹಸಿವಿನಲ್ಲಿಡುತ್ತವೆ. ಧೂಳನ್ನು ತೊಳೆಯಲು ಮುಂಜಾನೆ ಫಲಕ ಬಿಸಿಯಾಗುವ ಮುನ್ನ ಒಂದು ಕೊಡ ನೀರು ಸಾಕು.

ಬ್ಯಾಟರಿ ಸಾಲದೆಂದು ತೋರಿದಾಗ ಇನ್ನೊಂದನ್ನು ಕೊಳ್ಳುವ ಮುನ್ನ ಫ್ಯಾನುಗಳನ್ನು ನೋಡಬೇಕೆಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹಳೆಯ ಫ್ಯಾನು 75 ವ್ಯಾಟು ನುಂಗುವಲ್ಲಿ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟು ಸಾಕು. ಎರಡು ಫ್ಯಾನುಗಳು ಎಂಟು ತಾಸು ತಿರುಗಿದರೆ ಇರುಳೊಂದಕ್ಕೆ ಉಳಿಯುವುದು 720 ವ್ಯಾಟ್-ಗಂಟೆ. ಒಂದು ಬ್ಯಾಟರಿಯಿಂದ ನಾವು ನ್ಯಾಯವಾಗಿ ತೆಗೆಯಬಹುದಾದ 900ರಲ್ಲಿ ಐದನೆಯ ನಾಲ್ಕು ಪಾಲು! ಎರಡು ಫ್ಯಾನುಗಳ ಬೆಲೆ ಒಂದು ಬ್ಯಾಟರಿಯ ಅರ್ಧದಷ್ಟೂ ಇಲ್ಲ. ಮೇಲಾಗಿ ಅವಕ್ಕೆ ನೀರು ಹೊಯ್ಯಬೇಕಾಗಿಲ್ಲ.

ಕೊಳ್ಳುವಾಗ ವಾರಂಟಿಯ ಪತ್ರವನ್ನು ಕಣ್ಣಿಟ್ಟು ಓದತಕ್ಕದ್ದು. 60 ತಿಂಗಳೆಂದು ದಪ್ಪ ಅಕ್ಷರದಲ್ಲಿದ್ದರೂ, ಒಳಗೆ 36 ತಿಂಗಳು ಮಾತ್ರ ಉಚಿತ ಬದಲಾವಣೆ, ಉಳಿದ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಎಂದಿರುವುದುಂಟು. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಲಾಗದು; ಅವನು ಬಯಲಿನಲ್ಲಿ ಒಡೆದು ಚೆಲ್ಲಿದ ಸೀಸ ಮಕ್ಕಳ ಮೆದುಳಿಗೆ ವಿಷ. ಮಾರಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ, ಮತ್ತು ಅಂಗಡಿಯಲ್ಲಿ ಹಳೆಯದರ ಬೆಲೆಯನ್ನು ಹೊಸದರಲ್ಲಿ ಮುರಿದುಕೊಳ್ಳುತ್ತಾರೆ.

ಲಿಥಿಯಂ ಬ್ಯಾಟರಿಗೆ ನೀರಿನ ಗೋಜಿಲ್ಲ, ಅದರಲ್ಲಿ ಹಿಡಿದದ್ದರ ಐದನೆಯ ನಾಲ್ಕು ಪಾಲನ್ನು ನಿತ್ಯವೂ ತೆಗೆಯಬಹುದು. ಬೆಲೆ ಮಾತ್ರ ಹೆಚ್ಚು, ಉಷ್ಣವು ಅದಕ್ಕೂ ಶತ್ರುವೇ, ಇನ್ವರ್ಟರು ಅದಕ್ಕೆ ಹೊಂದುವಂಥದಾಗಿರಬೇಕು. ಅಪರೂಪಕ್ಕೊಮ್ಮೆ ಕರೆಂಟು ಹೋಗುವ ಮನೆಗೆ ಟ್ಯೂಬುಲರ್ ಸಾಕು. ನಮ್ಮಂತೆ ಪ್ರತಿ ರಾತ್ರಿ ಬಳಸುವವರು ಮುಂದಿನ ಸಲ ಲಿಥಿಯಮ್ಮನ್ನೇ ಕೊಳ್ಳುವುದು ಲೇಸು. ಅದಕ್ಕೆಂದು ಕುಷ್ಟಗಿಯ ಅಂಚೆ ಕಚೇರಿಯಲ್ಲಿ ತಿಂಗಳಿಗೆ 600 ರೂಪಾಯಿಯ ಆವರ್ತ ಠೇವಣಿಯನ್ನು ಆರಂಭಿಸಿದ್ದೇನೆ. ಅದರ ಅವಧಿ 60 ತಿಂಗಳು. ಈಗಿನ ಜೋಡಿಯಿಂದ ನಾನು ನಿರೀಕ್ಷಿಸುವ ಆಯುಷ್ಯವೂ ಅಷ್ಟೇ.