ಪಹಣಿಯಲ್ಲಿ ಹೆಸರಿದ್ದರೆ ಸಾಕೇ? ಸಕಲೇಶಪುರ, ಆಲೂರಿನಲ್ಲಿ ಜಮೀನಿನ ದಾಖಲೆ ಹುಡುಕುವ ಬಗೆ

ಹಾನುಬಾಳು, ಹೆತ್ತೂರು, ಯಸಳೂರು ಕಡೆ ತೋಟ ನೋಡಲು ಬಂದವರು ಮೊದಲು ಕೇಳುವುದು ‘ಪಹಣಿ ಯಾರ ಹೆಸರಿಗಿದೆ?’ ಎಂದು. ಮಾರುವವರು ಮೊಬೈಲಿನಲ್ಲೇ ಪಹಣಿ ತೋರಿಸುತ್ತಾರೆ. ಹೆಸರು ಸರಿಯಿದೆ ಎಂದು ಅವತ್ತೇ ಅಡ್ವಾನ್ಸ್ ಕೊಟ್ಟುಬಿಡುವವರು ಇದ್ದಾರೆ. ಈ ಎರಡು ತಾಲ್ಲೂಕುಗಳಲ್ಲಿ ಹಾಗೆ ಮಾಡಲೇಬಾರದು. ಇಲ್ಲಿನ ಎಷ್ಟೋ ತೋಟ, ಗದ್ದೆಗಳ ಬೇರು ಯಾವುದೋ ಕಾಲದ ಸರ್ಕಾರಿ ಮಂಜೂರಾತಿಯಲ್ಲಿದೆ: ದರಖಾಸ್ತು, ಬಗರ್‌ಹುಕುಂ, ಗೇಣಿ, ಹೇಮಾವತಿ ಮುಳುಗಡೆಯವರ ಪುನರ್ವಸತಿ. ಆ ಬೇರು ಗಟ್ಟಿಯಿಲ್ಲದಿದ್ದರೆ ಪಹಣಿಯ ಹೆಸರು ಯಾವ ದಿನ ಬೇಕಾದರೂ ಬದಲಾದೀತು.

ಪಹಣಿ ಕಂದಾಯದ ದಾಖಲೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಸೆಕ್ಷನ್ ಪ್ರಕಾರ, ಸುಳ್ಳೆಂದು ಸಾಬೀತಾಗುವ ತನಕ ಅದರ ನಮೂದು ನಿಜವೆಂದು ಹಿಡಿಯಬೇಕು, ಅಷ್ಟೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಶುರುವಾದ ಟಾರೆನ್ಸ್ ಪದ್ಧತಿಯಲ್ಲಿ ಮಾಲೀಕತ್ವಕ್ಕೆ ಸರ್ಕಾರವೇ ಖಾತರಿ ಕೊಡುತ್ತದೆ. ನಮ್ಮಲ್ಲಿ ಆ ಖಾತರಿ ಇಲ್ಲ. ತಹಶೀಲ್ದಾರರೂ ಸಬ್‌ರಿಜಿಸ್ಟ್ರಾರರೂ ತಮ್ಮ ಮುಂದೆ ಬಂದದ್ದನ್ನು ದಾಖಲಿಸುತ್ತಾರೆ. ತಾಳೆ ನೋಡುವ ಕೆಲಸ ಕೊಳ್ಳುವವರದು. ಅದಕ್ಕೆ ಬೇಕಾದ ಕಾಗದಗಳಲ್ಲಿ ಹೆಚ್ಚಿನವು ಸಾರ್ವಜನಿಕ ದಾಖಲೆಗಳು. ಅರ್ಜಿ ಕೊಟ್ಟು ಶುಲ್ಕ ಕಟ್ಟಿ ದೃಢೀಕೃತ ನಕಲು ಕೇಳಬಹುದು. ಕೌಂಟರಿನಲ್ಲಿ ಸಂಕೋಚಪಟ್ಟು ನಿಲ್ಲಬೇಕಾದ ಅಗತ್ಯ ಯಾರಿಗೂ ಇಲ್ಲ.

ಮೊದಲು ಪಹಣಿಯನ್ನೇ ಸರಿಯಾಗಿ ಓದಿ

ಭೂಮಿ ತಂತ್ರಾಂಶದ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹಾಕಿದರೆ ಪಹಣಿ ಕಾಣುತ್ತದೆ. ಹೋಬಳಿ ತಪ್ಪಿದರೆ ಗ್ರಾಮವೇ ಸಿಗದು. ಸಕಲೇಶಪುರಕ್ಕೆ ಕಸಬಾ, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು. ಆಲೂರಿಗೆ ಕಸಬಾ, ಪಾಳ್ಯ, ಕುಂದೂರು, ಕೆ. ಹೊಸಕೋಟೆ.

9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ವಿಸ್ತೀರ್ಣ, ಖಾತೆ ನಂಬರು ಇರುತ್ತವೆ. ಎಲ್ಲರೂ ನೋಡುವುದು ಇದನ್ನೇ. ನಾನು ಮೊದಲು ನೋಡಿ ಎನ್ನುವುದು 10 ಮತ್ತು 11ನೇ ಕಾಲಂಗಳನ್ನು. ಆ ಹೆಸರು ಹೇಗೆ ಬಂತು ಎಂಬುದು 10ರಲ್ಲಿದೆ: ಕ್ರಯವೋ, ವಿಭಾಗವೋ, ಪೌತಿಯೋ, ಮಂಜೂರಾತಿಯೋ, ಜೊತೆಗೆ ಎಂಆರ್, ಅಂದರೆ ಖಾತೆ ಬದಲಾವಣೆ (ಮ್ಯುಟೇಷನ್) ವಹಿಯ ನಂಬರು. 11ರಲ್ಲಿ ಸೊಸೈಟಿ, ಪಿಎಲ್‌ಡಿ ಬ್ಯಾಂಕ್, ಕಾಫಿ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಕೆಲವೊಮ್ಮೆ ಕೋರ್ಟಿನ ತಡೆಯಾಜ್ಞೆ ಇರುತ್ತದೆ. 3ನೇ ಕಾಲಂನ ಖರಾಬನ್ನೂ ಗಮನಿಸಿ. ‘ಎ’ ಖರಾಬು ಕೃಷಿಗೆ ಬಾರದ ಭಾಗ. ‘ಬಿ’ ಖರಾಬು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಬಳಕೆಯದು, ಮಾರುವವರದಲ್ಲ. ಹಳ್ಳದಂಚಿನ ತೋಟಗಳಲ್ಲಿ ಇದು ಗುಂಟೆಗಟ್ಟಲೆ ಬರುತ್ತದೆ.

10ನೇ ಕಾಲಂನ ಎಂಆರ್ ನಂಬರು ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ. ಅದರಲ್ಲಿ ಇನ್ನೂ ಹಿಂದಿನ ಎಂಆರ್ ಸುಳಿವು ಸಿಗುತ್ತದೆ. ಹೀಗೆ ಒಂದೊಂದೇ ಹಿಂದಕ್ಕೆ ಹೋಗಬೇಕು. ಬಾಕಿಯಿರುವ ಮ್ಯುಟೇಷನ್ ಅರ್ಜಿ ಉಂಟೇ ಎಂಬುದನ್ನೂ ಅದೇ ತಾಣದಲ್ಲಿ ನೋಡಿಕೊಳ್ಳಿ.

ಬೇರಿನ ತನಕ ಹೋಗುವುದು

ಕಂಪ್ಯೂಟರ್ ಪಹಣಿಯ ವಯಸ್ಸು ಇಪ್ಪತ್ತೈದು ವರ್ಷದ ಆಸುಪಾಸು. ಅದರ ಹಿಂದಿನದು ಕೈಬರಹದ ಪಹಣಿ. ಇನ್ನೂ ಹಿಂದೆ ಹಳೇ ಮೈಸೂರಿನ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ವಹಿಗಳು. ಕಚೇರಿಯಲ್ಲಿ ‘ಐಎಲ್, ಆರ್‌ಆರ್’ ಎಂದರೆ ಅರ್ಥವಾಗುತ್ತದೆ. ಇವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಸ್ಕ್ಯಾನ್ ಆದವನ್ನು ಆನ್‌ಲೈನಿನಲ್ಲೇ ಕೇಳಬಹುದು. ಹಳೆಯ ಪತ್ರಗಳಲ್ಲಿ ಸಕಲೇಶಪುರ ತಾಲ್ಲೂಕು ‘ಮಂಜರಾಬಾದ್ ತಾಲ್ಲೂಕು’ ಎಂದಿರುತ್ತದೆ. ಬೇರೆ ಊರಿನ ಕಾಗದವೆಂದು ಬದಿಗಿಡಬೇಡಿ.

ಸಾಮಾನ್ಯವಾಗಿ ವಕೀಲರು ಮೂವತ್ತು ವರ್ಷದ ದಾಖಲೆ ಕೇಳುತ್ತಾರೆ. ಮಂಜೂರಾದ ಜಮೀನಿಗೆ ಅದು ಸಾಲದು, ಮಂಜೂರಾತಿ ಆದೇಶ ಕೈಗೆ ಬರುವವರೆಗೂ ಹಿಂದಕ್ಕೆ ಹೋಗಲೇಬೇಕು. ಸಾಗುವಳಿ ಚೀಟಿಯ ಜೆರಾಕ್ಸ್ ನೋಡಿ ತೃಪ್ತಿಪಡಬೇಡಿ. ಮೂಲ ಕಡತ, ಮಂಜೂರಾತಿ ವಹಿಯ ನಮೂದು, ಕಿಮ್ಮತ್ತು ಕಟ್ಟಿದ ರಸೀದಿ ಮೂರೂ ಒಂದಕ್ಕೊಂದು ಹೊಂದಬೇಕು. ಬಗರ್‌ಹುಕುಂ ಆದರೆ ನಮೂನೆ 50, 53 ಅಥವಾ 57ರ ಅರ್ಜಿ ಮತ್ತು ಅಕ್ರಮ-ಸಕ್ರಮ ಸಮಿತಿಯ ನಡಾವಳಿ ಇರಬೇಕು. ಗೇಣಿ ಜಮೀನಾದರೆ ನಮೂನೆ 7ರ ಅರ್ಜಿ, ಭೂನ್ಯಾಯ ಮಂಡಳಿಯ ತೀರ್ಪು, ನಮೂನೆ 10ರ ಅಧಿಭೋಗ ಪತ್ರ. ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇವುಗಳಲ್ಲೇ ಬರೆದಿರುತ್ತದೆ. ಆ ಅವಧಿಯೊಳಗೆ ಆದ ಕ್ರಯ ಮುಂದೆ ಮೂರು ಕೈ ದಾಟಿ ಬಂದಿದ್ದರೂ ತಕರಾರಿಗೆ ಸಿಕ್ಕುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1979ರ ಜನವರಿ 1ರಿಂದ ಜಾರಿಗೆ ಬಂದ, ಪರಭಾರೆ ನಿಷೇಧಿಸುವ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡಿದ್ದರೆ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರಿಗೆ ವಾಪಸ್ ಕೊಡಿಸಬಹುದು. ಇದಕ್ಕೆ ಅರ್ಜಿ ಹಾಕಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಬಡವರ ಕೈತಪ್ಪಿದ ನೆಲ ಅವರಿಗೇ ಮರಳಲೆಂದು ಬಂದ ಕಾಯ್ದೆ ಇದು, ಹಾಗೆಯೇ ಇರಬೇಕು. ಆದ್ದರಿಂದಲೇ ಕೊಳ್ಳುವವರು ಮೊದಲೇ ಮಂಜೂರುದಾರರು ಯಾರೆಂದು ತಿಳಿದುಕೊಳ್ಳಬೇಕು.

ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನೆಲ ಕಳೆದುಕೊಂಡವರಿಗೆ ಕೊಟ್ಟ ಜಮೀನುಗಳಿಗೆ ಇಲ್ಲಿ ‘ಎಚ್‌ಆರ್‌ಪಿ’ ಎನ್ನುತ್ತಾರೆ. ಇವುಗಳಲ್ಲಿ ನಕಲಿ ಮಂಜೂರಾತಿಯ ದೂರುಗಳು ಕೇಳಿಬಂದಿವೆ. ಆದೇಶದ ಸಂಖ್ಯೆ, ದಿನಾಂಕ ಬರೆದುಕೊಂಡು ಹಾಸನದ ಕಚೇರಿಯ ಮೂಲ ಕಡತದೊಂದಿಗೆ ತಾಳೆ ನೋಡದೆ ಮುಂದೆ ಹೋಗಬೇಡಿ. ನಿಜವಾದ ಸಂತ್ರಸ್ತರ ಹೆಸರಿಗೆ ನ್ಯಾಯ ಸಿಗಲೂ ಈ ತಾಳೆ ಬೇಕು.

ಅರಣ್ಯದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಸೆಕ್ಷನ್ 4 ಎಂದರೆ ಮೀಸಲು ಅರಣ್ಯ ಮಾಡುವ ಪ್ರಸ್ತಾವದ ಅಧಿಸೂಚನೆ, ಸೆಕ್ಷನ್ 17 ಎಂದರೆ ಅಂತಿಮ ಘೋಷಣೆ. ಸೆಕ್ಷನ್ 4 ಆದ ಮೇಲೆ ಕಂದಾಯ ಇಲಾಖೆ ಮಂಜೂರು ಮಾಡಿದ್ದರೆ ಆ ಮಂಜೂರಾತಿ ಇಕ್ಕಟ್ಟಿನಲ್ಲಿದೆ ಎಂದೇ ತಿಳಿಯಿರಿ. 1980ರ ಅಕ್ಟೋಬರ್ 25ರಿಂದ ಅರಣ್ಯ ಸಂರಕ್ಷಣಾ ಕಾಯ್ದೆಯೂ ಇದೆ. ಅಂದಿನಿಂದ ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿಯನ್ನು ಬೇರೆ ಬಳಕೆಗೆ ಕೊಡುವಂತಿಲ್ಲ. ಹಾಗಾಗಿ ಮಂಜೂರಾತಿಯ ದಿನಾಂಕವನ್ನು ಸೆಕ್ಷನ್ 4ರ ಅಧಿಸೂಚನೆಯ ದಿನಾಂಕ ಮತ್ತು 1980ರ ಈ ದಿನಾಂಕ ಎರಡರ ಪಕ್ಕವೂ ಇಟ್ಟು ನೋಡಿ. ಸರ್ವೆ ನಂಬರು ಹೇಳಿ, ಅದು ಸೆಕ್ಷನ್ 4, ಸೆಕ್ಷನ್ 17 ಅಥವಾ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿನ ‘ಏನೂ ತೊಂದ್ರೆ ಇಲ್ಲ’ ಎಂಬುದಕ್ಕೆ ಬೆಲೆ ಕೊಡಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. 30 ದಿನದೊಳಗೆ ಉತ್ತರಿಸಬೇಕು.

‘ದಾಖಲೆ ನಾಲ್ಕು ಎಕರೆ, ಒತ್ತುವರಿ ಆರು ಎಕರೆ, ಒಟ್ಟು ಹತ್ತು’ ಎಂದು ಬೆಲೆ ಹೇಳುವ ರೂಢಿ ಈ ಸೀಮೆಯಲ್ಲುಂಟು. ಆ ಆರು ಎಕರೆ ಸರ್ಕಾರದ್ದು. ಕ್ರಯಪತ್ರದಲ್ಲಿ ಬರೆಯಲಾಗದ ನೆಲಕ್ಕೆ ಹಣ ಕೊಡುವುದಷ್ಟೇ ಅಲ್ಲ, ಭೂಕಬಳಿಕೆಯ ಮೊಕದ್ದಮೆಯನ್ನೂ ಕೊಂಡಂತಾಗುತ್ತದೆ.

ಇಸಿ ಹೇಳುವುದು, ಹೇಳದಿರುವುದು

ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಕಾವೇರಿ 2.0 ತಾಣದಲ್ಲಿ ಸಿಗುತ್ತದೆ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಕಲೇಶಪುರ ಅಥವಾ ಆಲೂರಿನ ಉಪನೋಂದಣಿ ಕಚೇರಿಗೇ ಹೋಗಬೇಕು. ನೋಂದಣಿ ಕಾಯ್ದೆ 1908ರ 57ನೇ ಸೆಕ್ಷನ್ ಪ್ರಕಾರ 1ನೇ ಪುಸ್ತಕವನ್ನು, ಅಂದರೆ ಸ್ಥಿರಾಸ್ತಿ ಪತ್ರಗಳನ್ನು, ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ನೀವು ಕೊಟ್ಟ ಸರ್ವೆ ನಂಬರಿಗಷ್ಟೇ ಇಸಿ ಉತ್ತರ ಕೊಡುತ್ತದೆ. ಈಗ 62/3 ಆಗಿರುವುದು ಪೋಡಿಗೆ, ಅಂದರೆ ಅಳೆದು ಹಿಸ್ಸಾ ಬೇರ್ಪಡಿಸುವುದಕ್ಕೆ, ಮುಂಚೆ ‘62 ಪೈಕಿ’ ಆಗಿದ್ದರೆ ಎರಡನ್ನೂ ಹುಡುಕಿಸಬೇಕು. ಬರೀ 62/3ಕ್ಕೆ ಕೇಳಿದರೆ ನಮೂನೆ 16 ಬಂದು, ಜಮೀನು ಶುದ್ಧವೆಂಬ ಭ್ರಮೆ ಹುಟ್ಟುತ್ತದೆ. ನೋಂದಣಿಯಾಗದ ಪಾಲುಪಟ್ಟಿ, ಕರಾರು, ಕೋರ್ಟಿನ ದಾವೆ ಇಸಿಯಲ್ಲಿ ಬರುವುದಿಲ್ಲ. ಉಯಿಲು 3ನೇ ಪುಸ್ತಕಕ್ಕೆ ಸೇರುತ್ತದೆ. ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ನಕಲು ಸಿಗುತ್ತದೆ. ಪೌತಿ ಅಥವಾ ವಿಭಾಗದಿಂದ ಬಂದ ಜಮೀನಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲವೆಂದು ನೋಡಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ‘ಅವರದ್ದೇನೂ ತಕರಾರಿಲ್ಲ’ ಎನ್ನುವುದನ್ನು ಅವರ ಸಹಿಯಲ್ಲೇ ಕೇಳಬೇಕು.

ನೆಲಕ್ಕೂ ಕಾಗದಕ್ಕೂ ತಾಳೆ

ಭೂಮಾಪನ ಕಚೇರಿಯಿಂದ ಆಕಾರ್‌ಬಂದ್, ಟಿಪ್ಪಣಿ, ಹಿಸ್ಸಾ ನಕ್ಷೆ, ಗ್ರಾಮನಕಾಶೆ ತೆಗೆಸಿ. ಮಲೆನಾಡಿನಲ್ಲಿ ನೂರಾರು ಎಕರೆಯ ಒಂದೇ ಸರ್ಕಾರಿ ಸರ್ವೆ ನಂಬರಿನಲ್ಲಿ ಎಷ್ಟೋ ಮಂದಿಗೆ ಮಂಜೂರಾಗಿ, ಪೋಡಿಯಾಗದೆ, ಎಲ್ಲರ ಪಹಣಿಯೂ ‘ಪೈಕಿ’ ಎಂದೇ ಉಳಿದಿರುತ್ತದೆ. ಅಂಥ ಕಡೆ ಎಲ್ಲ ಪಹಣಿಗಳ ವಿಸ್ತೀರ್ಣ ಕೂಡಿಸಿ ಆಕಾರ್‌ಬಂದ್‌ನಲ್ಲಿರುವ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದ ಜೊತೆ ಹೋಲಿಸಿ. ಪಹಣಿಗಳ ಮೊತ್ತ ಹೆಚ್ಚು ಬಂದರೆ ಯಾರದೋ ಜಮೀನು ನೆಲದ ಮೇಲೆ ಇಲ್ಲವೆಂದೇ ಅರ್ಥ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ಅರ್ಜಿ ಹಾಕಿ, ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಮಾಡಿಸಬೇಕು. ದಿಶಾಂಕ್ ಆ್ಯಪ್ ತೋಟದೊಳಗೆ ನಿಂತಾಗ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಮೊದಲ ನೋಟಕ್ಕೆ ಅದು ಒಳ್ಳೆಯದು, ಗಡಿ ನಿರ್ಧಾರಕ್ಕೆ ಸರ್ವೆಯರೇ ಬೇಕು.

ಎರಡು ಬಗೆಯ ಕೋರ್ಟು

ಇ-ಕೋರ್ಟ್ಸ್ ತಾಣದಲ್ಲಿ ಕರ್ನಾಟಕ, ಹಾಸನ ಆರಿಸಿ ಸಕಲೇಶಪುರ, ಆಲೂರು, ಹಾಸನ ಮೂರೂ ಕೋರ್ಟುಗಳಲ್ಲಿ ಹೆಸರಿನಿಂದ ಹುಡುಕಿ. ಹೆಸರು ಇಂಗ್ಲಿಷಿನಲ್ಲಿ ಹಾಕಬೇಕು. ಮಂಜೇಗೌಡ ಎಂಬುದನ್ನು ಒಂದೇ ಪದವಾಗಿ, ಬಿಡಿಸಿ, ಕಾಗುಣಿತ ಬದಲಿಸಿ ನೋಡಿ. ಮಾರುವವರದಷ್ಟೇ ಅಲ್ಲ, ಅವರ ತಂದೆ, ಅಣ್ಣತಮ್ಮಂದಿರು, ಹಿಂದಿನ ಮಾಲೀಕರ ಹೆಸರನ್ನೂ ಹಾಕಿ. ಬಾಕಿ, ಇತ್ಯರ್ಥ ಎರಡನ್ನೂ ವರ್ಷವಾರು ನೋಡಬೇಕು. ‘ಓಎಸ್’ ಮೂಲದಾವೆ, ‘ಎಫ್‌ಡಿಪಿ’ ಕಂಡರೆ ಪಾಲಿನ ದಾವೆ ತೀರ್ಪಾಗಿ ಭಾಗ ಅಳೆಯುವ ಹಂತದಲ್ಲಿದೆ ಎಂದರ್ಥ. 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಂಡರೆ ಮುಂದೆ ಅದೊಂದೇ ಸಾಕು. ಮೇಲ್ಮನವಿಗೆ ಬೆಂಗಳೂರಿನ ಹೈಕೋರ್ಟ್ ಪ್ರಧಾನ ಪೀಠದ ತಾಣವನ್ನೂ ತೆರೆಯಿರಿ. ತೀರ್ಪಿನಲ್ಲಿ ಷೆಡ್ಯೂಲ್ ಇರದಿದ್ದರೆ ದಾವಾಪತ್ರದ ನಕಲಿಗೆ ವಕೀಲರ ಮೂಲಕ ಅರ್ಜಿ ಹಾಕಬೇಕು.

ಈ ಹುಡುಕಾಟ ಯಾಕೆ ಮುಖ್ಯವೆಂದರೆ, ಸ್ವತ್ತು ವರ್ಗಾವಣೆ ಕಾಯ್ದೆ 1882ರ 52ನೇ ಸೆಕ್ಷನ್ ಪ್ರಕಾರ ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಕಟ್ಟುಬೀಳುತ್ತಾರೆ. ದಾವೆಯ ವಿಷಯ ಗೊತ್ತಿರಲಿಲ್ಲ ಎಂಬುದು ರಕ್ಷಣೆಯಾಗುವುದಿಲ್ಲ.

ಇನ್ನೊಂದು ಬಗೆ ಕಂದಾಯ ನ್ಯಾಯಾಲಯ. ಇ-ಕೋರ್ಟ್ಸ್‌ನಲ್ಲಿ ಇವು ಸಿಗವು. ಖಾತೆ ತಕರಾರು ತಹಶೀಲ್ದಾರರ ಮುಂದೆ, ಮೇಲ್ಮನವಿ ಸಕಲೇಶಪುರದ ಉಪವಿಭಾಗಾಧಿಕಾರಿಯ ಮುಂದೆ, ಪುನರ್ವಿಮರ್ಶೆ ಹಾಸನದ ಜಿಲ್ಲಾಧಿಕಾರಿಯ ಮುಂದೆ. ಪಿಟಿಸಿಎಲ್ ಪ್ರಕರಣಗಳು ಉಪವಿಭಾಗಾಧಿಕಾರಿಯ ಬಳಿಯೇ ಶುರುವಾಗುತ್ತವೆ. ಕಂದಾಯ ನ್ಯಾಯಾಲಯಗಳ ಪ್ರಕರಣಗಳಿರುವ ಆರ್‌ಸಿಸಿಎಂಎಸ್ ತಾಣದಲ್ಲಿ ಹುಡುಕಿದ ಮೇಲೂ ಸರ್ವೆ ನಂಬರು ಬರೆದು ಈ ಕಚೇರಿಗಳಿಗೆ ಅರ್ಜಿ ಕೊಡಿ. ಮಂಜೂರಾತಿ ರದ್ದತಿಯ ವಿಚಾರಣೆಯ ಸುಳಿವು ಸಿಗುವ ಜಾಗ ಇದೇ.

ಇಷ್ಟೂ ಕಾಗದ ಸೇರಿಸಿ, ದಿನಾಂಕದ ಕ್ರಮದಲ್ಲಿ ಜೋಡಿಸಿ ವಕೀಲರಿಗೆ ಕೊಟ್ಟರೆ ಅವರ ಅಭಿಪ್ರಾಯಕ್ಕೆ ತೂಕ ಬರುತ್ತದೆ. ಕರಾರು ಆದ ಮೇಲೆ ತಿಂಗಳುಗಳು ಕಳೆದಿದ್ದರೆ ನೋಂದಣಿಯ ಹಿಂದಿನ ದಿನ ಇಸಿ, ಪಹಣಿಯ 11ನೇ ಕಾಲಂ, ಇ-ಕೋರ್ಟ್ಸ್ ಮೂರನ್ನೂ ಮತ್ತೊಮ್ಮೆ ನೋಡಿ. ನೋಂದಣಿಯಾದೊಡನೆ ಮಾಹಿತಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಆಕ್ಷೇಪಣೆಯ ಅವಧಿಯಲ್ಲಿ ಯಾರಾದರೂ ತಕರಾರು ಸಲ್ಲಿಸಿದರೇ, ಎಂಆರ್ ಆಯಿತೇ, 9ನೇ ಕಾಲಂಗೆ ಸರಿಯಾದ ವಿಸ್ತೀರ್ಣದೊಂದಿಗೆ ನಿಮ್ಮ ಹೆಸರು ಬಂತೇ ಎಂದು ನೀವೇ ನೋಡಿಕೊಳ್ಳಬೇಕು.