ಸಾರಾಳ ಬೀದಿಗೆ ಹೋಗುವ ಮುನ್ನ

ತತಿಯಾನಾ ದ ರೋನೆ ಅವರ ‘ಸಾರಾಸ್ ಕೀ’ ಕಾದಂಬರಿ ಓದಿ ಪ್ಯಾರಿಸ್‌ಗೆ ಹೊರಟವರು ಮೊದಲು ಹುಡುಕುವುದು ಸೇಂತೋಂಜ್ ಬೀದಿಯನ್ನು. ತಮ್ಮನನ್ನು ಬೀರುವಿನಲ್ಲಿ ಬಚ್ಚಿಟ್ಟು ಸಾರಾ ಬೀಗ ಹಾಕಿದ್ದು ಅಲ್ಲೇ. ಹುಡುಗಿ ಕಲ್ಪನೆ, ಬೀದಿ ನಿಜ. ಈಗಲೂ ಅಲ್ಲಿ ಸಂಸಾರಗಳಿವೆ; ಬಾಗಿಲು ತಟ್ಟುವುದು ಬೇಡ.

ಕಾದಂಬರಿಯ ಹಿಂದಿನ ಘಟನೆಯೂ ನಿಜ: 1942ರ ಜುಲೈ 16, 17ರಂದು ಫ್ರೆಂಚ್ ಪೊಲೀಸರೇ ಸುಮಾರು 13,000 ಯಹೂದಿಗಳನ್ನು ಹಿಡಿದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು! ಕುಟುಂಬಗಳನ್ನು ಕೂಡಿಹಾಕಿದ್ದ ಸೈಕಲ್ ಪಂದ್ಯದ ಕ್ರೀಡಾಂಗಣವನ್ನು 1959ರಲ್ಲಿ ಕೆಡವಿದ್ದಾರೆ, ಅದಕ್ಕಾಗಿ ಅಲೆಯಬೇಡಿ. ಬೀರ್-ಹಕೀಮ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಸೇನ್ ನದಿಯ ದಡದ ಸ್ಮಾರಕ ಹತ್ತಿರವೇ ಇದೆ. ಸೈಕಲ್ ಟ್ರ್ಯಾಕಿನಂತೆ ಬಾಗಿದ ಪೀಠದ ಮೇಲೆ ಮಕ್ಕಳು, ಬಸುರಿ ಹೆಂಗಸು, ಗಂಟುಮೂಟೆ.

ಸಮೀಪದ ನೆಲಾತೋಂ ಬೀದಿಯ ಉದ್ಯಾನದಲ್ಲಿ ಆ ಮಕ್ಕಳ ಹೆಸರುಗಳನ್ನು ಕೆತ್ತಿದ್ದಾರೆ. ಮೊಬೈಲ್ ಜೇಬಿಗಿಳಿಸಿ, ಕೆಲವನ್ನಾದರೂ ನಿಧಾನವಾಗಿ ಓದಿ.