ಕೈಕಾಲು ಬಿದ್ದುಹೋದವರ ಆರೈಕೆ

ಗುತ್ತಿಗಾರಿನಂಥ ಮಲೆಸೀಮೆಯ ಊರುಗಳಲ್ಲಿ ಮನೆಗಳು ತೋಟಗಳ ನಡುವೆ ಒಂದಕ್ಕೊಂದು ದೂರವಾಗಿರುವವು. ಇಂಥ ಮನೆಗಳಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರೂ ಹುಟ್ಟಿದಂದಿನಿಂದ ಕೈಕಾಲು ಸ್ವಾಧೀನವಿಲ್ಲದ ಮಕ್ಕಳೂ ಇರುವದುಂಟು. ಆಸ್ಪತ್ರೆಯವರು ಜೀವವನ್ನುಳಿಸಿ ಮನೆಗೆ ಕಳುಹಿಸಿದ ಮೇಲೆ ಇನ್ನೇನೂ ಮಾಡತಕ್ಕದ್ದಿಲ್ಲವೆಂದು ಅನೇಕರು ಎಣಿಸುತ್ತಾರೆ. ಹಾಗಲ್ಲ, ಎರಡನೆಯ ಚಿಕಿತ್ಸೆಯಾದ ಅಭ್ಯಾಸವು ಮುಂದುವರಿಯಬೇಕಾದದ್ದು ಮನೆಯಲ್ಲಿಯೇ.

೧. ಅಭ್ಯಾಸದಿಂದ ಪ್ರಯೋಜನವೇನು? ಮೆದುಳಿನ ಒಂದು ಪಾಲಿಗೆ ರಕ್ತವು ಹೋಗದೆ ನಿಂತರೆ, ಇಲ್ಲವೆ ಅಲ್ಲಿಯ ರಕ್ತನಾಳವು ಒಡೆದರೆ, ಆ ಪಾಲು ಕೆಡುವದು. ಅದು ನಡಿಸುತ್ತಿದ್ದ ಕೈ, ಕಾಲು, ಮಾತು ನಿಂತುಹೋಗುವವು. ಕೆಟ್ಟ ಪಾಲು ತಿರಿಗಿ ಹುಟ್ಟುವದಿಲ್ಲ. ಆದರೂ ಉಳಿದ ಪಾಲುಗಳು ಅದರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯಬಲ್ಲವು. ಕೂಸು ನಡೆಯಲು ಕಲಿಯುವಂತೆ, ಇದೂ ದಿನಂಪ್ರತಿ ಮಾಡುವದರಿಂದಲೇ ಬರುವದು. ಮೊದಲಿನ ತಿಂಗಳುಗಳಲ್ಲಿ ಗುಣವು ಹೆಚ್ಚಾಗಿ ಕಾಣುವದು. ಅಭ್ಯಾಸವಿಲ್ಲದಿದ್ದರೆ ಕೀಲುಗಳು ಬಿಗಿದು, ಬೆನ್ನಿನಲ್ಲಿ ಹುಣ್ಣುಗಳು ಬೀಳುವವು.

೨. ಅಡ್ಡಿ ಯಾವದು? ದೂರವೇ. ಕಲಿಸುವವರು ಸುಳ್ಯ, ಮಂಗಳೂರು ಮುಂತಾದ ಪಟ್ಟಣಗಳಲ್ಲಿರುವರು. ವಾಹನದ ಬಾಡಿಗೆಯೂ ಸಂಗಡ ಹೋಗುವವನ ದಿನಗೂಲಿಯೂ ಸೇರಿ ಬಡವರಿಗೆ ಭಾರವಾಗುವದರಿಂದ, ಎರಡು ಮೂರು ಸಾರಿ ಹೋಗಿ ಬಿಟ್ಟುಬಿಡುವರು. ಇದು ನಮ್ಮ ಸೀಮೆಯ ಕಷ್ಟ ಮಾತ್ರವಲ್ಲ. ಲೋಕದಲ್ಲಿ ೨೪೦ ಕೋಟಿ ಜನರಿಗೆ ಇಂಥ ಪುನರ್ವಸತಿಯ ಸಹಾಯ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ೨೦೨೨ರ ಮೇ ತಿಂಗಳಲ್ಲಿ ಅದರ ಮಹಾಸಭೆಯು ಮೂರ್ಛೆರೋಗ ಮೊದಲಾದ ನರಸಂಬಂಧದ ವ್ಯಾಧಿಗಳಿಗಾಗಿ ೨೦೩೧ರ ವರೆಗಿನ ಕಾರ್ಯಯೋಜನೆಯನ್ನು ಒಪ್ಪಿತು.

೩. ನಮ್ಮ ಜಿಲ್ಲೆಯ ದೃಷ್ಟಾಂತ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿಯ ಗೇರುತೋಟಗಳಿಗೆ ಎಂಡೋಸಲ್ಫಾನ್ ಎಂಬ ವಿಷವನ್ನು ಆಕಾಶದಿಂದ ಸಿಂಪಡಿಸಿದರು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಬಾಧಿತರೆಂದು ಸರಕಾರವು ಗುರುತಿಸಿದವರಲ್ಲಿ ನಡೆಯಲಾರದ, ಮಾತಾಡಲಾರದ ಮಕ್ಕಳು ಅನೇಕರು. ಅವರಿಗಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲು ಪಾಲನಾ ಕೇಂದ್ರಗಳು ತೆರೆಯಲ್ಪಟ್ಟವು. ಸಹಾಯವು ಹಳ್ಳಿಯ ಬಳಿಗೆ ಬರಕೂಡದೆಂಬ ನಿಯಮವೇನೂ ಇಲ್ಲವೆಂದು ಇದರಿಂದ ತಿಳಿಯುವದು. ಆದರೆ ಅಷ್ಟು ದೂರಕ್ಕೂ ಹೋಗಲಾರದವನ ಗತಿ ಏನು? ಅವನ ಮನೆಬಾಗಲಿಗೇ ಸಹಾಯವು ಬರಬೇಕು.

೪. ನಾವು ಮಾಡತಕ್ಕದ್ದೇನು? ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನೆಂಬವನು ನೇಮಿಸಲ್ಪಡುತ್ತಾನೆ. ತಾಲೂಕಿನಲ್ಲಿ ಅವನ ಮೇಲೆ ಇನ್ನೊಬ್ಬನುಂಟು. ರೋಗಿಯ ಹೆಸರನ್ನು ಅವನಿಗೆ ತಿಳಿಸಿರಿ. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಬಹುಕಾಲದ ನರವ್ಯಾಧಿಗಳನ್ನೂ ಅಂಗವೈಕಲ್ಯವೆಂದು ಎಣಿಸುತ್ತದೆ. ಆದಕಾರಣ ಗುರುತಿನ ಚೀಟಿಗೆ ಅರ್ಜಿ ಹಾಕಲು ನಾಚಬೇಡಿರಿ. ಪಟ್ಟಣಕ್ಕೆ ಒಂದು ಸಾರಿ ಹೋದಾಗಲೇ ಮನೆಯವರಲ್ಲಿ ಇಬ್ಬರು ಅಭ್ಯಾಸಗಳನ್ನು ನೋಡಿ ಕಲಿತುಕೊಳ್ಳಲಿ.

ಮನೆಯಲ್ಲಿ ಈ ಮೂರು ಮಾತುಗಳನ್ನು ಮರೆಯಬಾರದು. ತಾನಾಗಿ ಹೊರಳಲಾರದವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿರಿ. ಹೆಗಲಿನ ಕೀಲು ಕೆಡುವದು. ನುಂಗುವದಕ್ಕೆ ಶಕ್ತಿ ಉಂಟೋ ಎಂದು ವೈದ್ಯರಿಂದ ತಿಳಿದ ಬಳಿಕ, ನೆಟ್ಟಗೆ ಕೂರಿಸಿಯೇ ಗಂಜಿ ಕುಡಿಸಿರಿ. ಮಲಗಿಸಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಕೊನೆಗೆ ನೆರೆಯವರಿಗೆ ಒಂದು ಮಾತು. ಆರೈಕೆ ಮಾಡುವವಳು ಹೆಚ್ಚಾಗಿ ಮನೆಯ ಹೆಂಡತಿ ಅಥವಾ ಸೊಸೆ. ಅವಳಿಗೆ ಬಿಡುವೇ ಇಲ್ಲ. ವಾರಕ್ಕೊಂದು ಸಾಯಂಕಾಲ ನಮ್ಮಲ್ಲಿ ಒಬ್ಬರು ಹೋಗಿ ರೋಗಿಯನ್ನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡಿಸಿದರೆ, ಅವನಿಗೆ ಅಭ್ಯಾಸವಾಗುವದು, ಅವಳಿಗೆ ದಣಿವಾರುವದು. ಇದಕ್ಕೆ ಹಣವೂ ವಾಹನವೂ ಬೇಡ.